ವಜ್ರಲೇಪದಿಂದ ಅಂಟಿನುಂಡೆಯವರೆಗೆ: ಸಿಹಿತಿಂಡಿಗಳಲ್ಲಿ ಜಿಲೆಟಿನ್ ಮತ್ತು ಅದರ ಸಸ್ಯಮೂಲ ಪರ್ಯಾಯಗಳು

ಪೀಠಿಕೆ

ರಾಜವಂಶಗಳ ಕಾಲಾನುಕ್ರಮವನ್ನೂ ಯುದ್ಧಗಳ ಕಾರಣಗಳನ್ನೂ ಚೆನ್ನಾಗಿ ಬಲ್ಲ ವಿದ್ಯಾರ್ಥಿಯು, ತಾನು ದಿನವೂ ಬಾಯಿಗೆ ಹಾಕಿಕೊಳ್ಳುವ ಪದಾರ್ಥವು ಯಾವುದರಿಂದ ಆಯಿತು, ಎಲ್ಲಿಂದ ಬಂದಿತು ಎಂದು ವಿಚಾರಿಸುವುದು ಅಪೂರ್ವ. ಆಹಾರದ ಇತಿಹಾಸವು ನಮ್ಮ ಪಾಠಕ್ರಮದಲ್ಲಿ ತಕ್ಕ ಸ್ಥಾನವನ್ನು ಪಡೆಯದಿರುವುದೇ ಇದಕ್ಕೆ ಕಾರಣವಾಗಿರಬಹುದು. ಆದರೆ ಜನಸಾಮಾನ್ಯರ ನಂಬಿಕೆ, ವೃತ್ತಿ, ವ್ಯಾಪಾರ, ಕಾನೂನು ಇವೆಲ್ಲವೂ ಒಂದೆಡೆ ಕೂಡುವ ಸ್ಥಳವು ಅಡಿಗೆಯ ಮನೆಯೇ ಆಗಿದೆ.

ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನ ತಿಳವಳ್ಳಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹದಿಮೂರನೆಯ ಶತಮಾನದ ಶಾಂತೇಶ್ವರ ದೇವಾಲಯದಿಂದ ಇತಿಹಾಸದ ವಿದ್ಯಾರ್ಥಿಗಳಿಗೆ ಈ ಊರು ಪರಿಚಿತವಾಗಿದೆ. ಇಂತಹ ಊರುಗಳಲ್ಲಿ ಬಾಣಂತಿಗೆ ಅಂಟಿನುಂಡೆ ಕಟ್ಟುವ ಮನೆಗಳು ಇಂದಿಗೂ ಇವೆ. ಅದೇ ಊರುಗಳ ಚಿಕ್ಕ ಅಂಗಡಿಗಳಲ್ಲಿ ಮಕ್ಕಳಿಗಾಗಿ ಬಣ್ಣಬಣ್ಣದ ಜೆಲ್ಲಿ ಮಿಠಾಯಿಗಳೂ ತೂಗಾಡುತ್ತಿರುತ್ತವೆ. ಎರಡೂ ಸಿಹಿಯೇ, ಎರಡರ ಹೆಸರಿನ ಹಿಂದೆಯೂ ‘ಅಂಟು’ ಇದೆ. ಆದರೆ ಮೊದಲನೆಯದರ ಅಂಟು ಮರದಿಂದ ಬಂದುದು; ಎರಡನೆಯದರದು ಮರದಿಂದಲೋ, ಕಡಲಿನಿಂದಲೋ, ಹಣ್ಣಿನ ಸಿಪ್ಪೆಯಿಂದಲೋ, ದನದ ಎಲುಬಿನಿಂದಲೋ ಬಂದಿರಬಹುದು. ಕಣ್ಣಿಗಾಗಲಿ ನಾಲಗೆಗಾಗಲಿ ಆ ವ್ಯತ್ಯಾಸವು ತಿಳಿಯುವುದಿಲ್ಲ. ಮಾಂಸವನ್ನು ಮುಟ್ಟದ ಮನೆಯವರಿಗೂ, ಯಾವ ಪ್ರಾಣಿಯದು ಎಂದು ವಿಚಾರಿಸದೆ ಮಾಂಸ ತಿನ್ನದ ಮನೆಯವರಿಗೂ ಇದು ಅಲ್ಪವಾದ ವಿಷಯವಲ್ಲ.

ಆದುದರಿಂದ ಜಿಲೆಟಿನ್ ಎಂದರೇನು, ಅದು ಪಾಶ್ಚಾತ್ಯ ಸಿಹಿತಿಂಡಿಗಳನ್ನು ಪ್ರವೇಶಿಸಿದ ಬಗೆ ಯಾವುದು, ಕನ್ನಡನಾಡಿನ ಹಳೆಯ ಪಾಕಗಳು ಅದಿಲ್ಲದೆ ಹೇಗೆ ಗಟ್ಟಿಯಾದವು, ಇಂದು ದೊರೆಯುವ ಪರ್ಯಾಯಗಳು ಯಾವುವು, ಕಾನೂನು ಏನು ಹೇಳುತ್ತದೆ ಎಂಬ ಐದು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿವೇಚಿಸಲಾಗಿದೆ.

೧. ಜಿಲೆಟಿನ್ನಿನ ಸ್ವರೂಪ

ಪ್ರಾಣಿಗಳ ಚರ್ಮ, ಎಲುಬು, ಸ್ನಾಯುಬಂಧಗಳಲ್ಲಿ ಕೊಲಾಜನ್ ಎಂಬ ಸಸಾರಜನಕವು ಇರುತ್ತದೆ. ಮೂರು ಎಳೆಗಳನ್ನು ಹುರಿಮಾಡಿ ಹೊಸೆದ ಹಗ್ಗದಂತೆ ಇದರ ರಚನೆ. ದೇಹಕ್ಕೆ ಬಿಗುವನ್ನು ಕೊಡುವುದು ಈ ಹುರಿಯೇ. ಚರ್ಮವನ್ನಾಗಲಿ, ಖನಿಜಾಂಶವನ್ನು ಆಮ್ಲದಿಂದ ತೆಗೆದ ಎಲುಬನ್ನಾಗಲಿ ಆಮ್ಲದಲ್ಲಿಯೋ ಸುಣ್ಣದ ನೀರಿನಲ್ಲಿಯೋ ನೆನೆಹಾಕಿ, ಅನಂತರ ಬಿಸಿನೀರಿನಲ್ಲಿ ಕಾಯಿಸಿದರೆ ಆ ಹುರಿಯು ಬಿಚ್ಚಿಕೊಂಡು ಎಳೆಗಳು ನೀರಿನಲ್ಲಿ ಕರಗುತ್ತವೆ. ಈ ದ್ರವವನ್ನು ಸೋಸಿ, ಬತ್ತಿಸಿ, ಒಣಗಿಸಿದಾಗ ದೊರೆಯುವ ಪದಾರ್ಥವೇ ಜಿಲೆಟಿನ್. ಶುದ್ಧವಾದ ಜಿಲೆಟಿನ್ನಿಗೆ ಹೇಳಿಕೊಳ್ಳುವಂತಹ ರುಚಿಯಾಗಲಿ ವಾಸನೆಯಾಗಲಿ ಇರುವುದಿಲ್ಲ.

ಬಿಸಿನೀರಿನಲ್ಲಿ ಕರಗಿದ ಜಿಲೆಟಿನ್ ತಣ್ಣಗಾದಾಗ ಎಳೆಗಳು ಅಲ್ಲಲ್ಲಿ ಮತ್ತೆ ಹೆಣೆದುಕೊಂಡು ಬಲೆಯಾಗುತ್ತವೆ. ಆ ಬಲೆಯ ಕಣ್ಣುಗಳಲ್ಲಿ ನೀರು ಸಿಕ್ಕಿಬೀಳುತ್ತದೆ. ನೂರು ಭಾಗ ನೀರಿಗೆ ಎರಡು ಮೂರು ಭಾಗ ಜಿಲೆಟಿನ್ ಇದ್ದರೂ ಇಡೀ ದ್ರವವು ನಡುಗುವ ಗಟ್ಟಿಯಾಗಿ ನಿಲ್ಲುವುದು ಈ ಕಾರಣದಿಂದ. ಆದರೆ ಈ ಹೆಣಿಗೆಯು ದುರ್ಬಲವಾದುದು. ಸುಮಾರು ೩೦ರಿಂದ ೩೫ ಡಿಗ್ರಿ ಸೆಂಟಿಗ್ರೇಡಿನಲ್ಲಿ, ಎಂದರೆ ನಮ್ಮ ಮೈಯ ಶಾಖಕ್ಕಿಂತ ಸ್ವಲ್ಪ ಕಡಿಮೆಯಲ್ಲಿಯೇ, ಅದು ಕರಗಿಹೋಗುತ್ತದೆ. ಜಿಲೆಟಿನ್ ಸೇರಿದ ತಿಂಡಿಯು ‘ಬಾಯಲ್ಲಿ ಕರಗುತ್ತದೆ’ ಎಂಬ ಮಾತು ಅಕ್ಷರಶಃ ಸತ್ಯ. ಈ ಗುಣವೇ ಅದರ ಹಿರಿಮೆ. ಮುಂದೆ ನೋಡುವಂತೆ, ಉಷ್ಣದೇಶಗಳಲ್ಲಿ ಇದೇ ಅದರ ದೌರ್ಬಲ್ಯವೂ ಹೌದು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಅಕ್ಕಿಯ ಹಿಟ್ಟನ್ನು ನೀರಿನಲ್ಲಿ ಕಾಯಿಸಿದಾಗ ಅದು ಉಬ್ಬಿ ಗಂಜಿಯಾಗುವ ಕ್ರಿಯೆಯನ್ನು ವಿಜ್ಞಾನದ ಪುಸ್ತಕಗಳು ‘ಜಿಲೆಟಿನೀಕರಣ’ ಎಂದು ಕರೆಯುವುದುಂಟು. ಹೆಸರಿನ ಸಾಮ್ಯವನ್ನು ಕಂಡು ವಿದ್ಯಾರ್ಥಿಗಳು ಮೋಸಹೋಗಬಾರದು. ಅಲ್ಲಿ ಜಿಲೆಟಿನ್ನಿನ ಲೇಶವೂ ಇಲ್ಲ. ಅದು ಕೇವಲ ಪಿಷ್ಟದ ವ್ಯಾಪಾರ.

೨. ಪಶ್ಚಿಮದ ಸಿಹಿತಿಂಡಿಗಳಲ್ಲಿ ಜಿಲೆಟಿನ್

ಎಲುಬು ಚರ್ಮಗಳನ್ನು ಬೇಯಿಸಿ ಅಂಟನ್ನು ತೆಗೆಯುವ ವಿದ್ಯೆಯು ಬಹು ಪ್ರಾಚೀನ. ಅದನ್ನು ಆಹಾರಕ್ಕಾಗಿ ಬಳಸುವ ಪ್ರಯತ್ನವು ಯುರೋಪಿನಲ್ಲಿ ಹದಿನೇಳನೆಯ ಶತಮಾನದಲ್ಲಿ ಹೊಸ ತಿರುವನ್ನು ಪಡೆಯಿತು. ಫ್ರೆಂಚ್ ವಿಜ್ಞಾನಿ ಡೆನಿ ಪಾಪಿನ್ನನು ೧೬೮೦ರ ಸುಮಾರಿನಲ್ಲಿ ರಚಿಸಿದ ಬಿಗಿಮುಚ್ಚಳದ ಪಾತ್ರೆಯು ಇಂದಿನ ಪ್ರೆಶರ್ ಕುಕ್ಕರಿನ ಮೂಲಪುರುಷ. ಒತ್ತಡದ ಆವಿಯಲ್ಲಿ ಗಟ್ಟಿ ಎಲುಬುಗಳೂ ಮೆತ್ತಗಾಗಿ ತಮ್ಮ ಅಂಟನ್ನು ಬಿಟ್ಟುಕೊಡುವುದನ್ನು ಅವನು ತೋರಿಸಿದನು.

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪ್ಯಾರಿಸ್ ನಗರದ ಆಸ್ಪತ್ರೆಗಳಲ್ಲಿ ಬಡರೋಗಿಗಳಿಗೆ ಎಲುಬಿನ ಜಿಲೆಟಿನ್ನಿನ ಸಾರನ್ನು ಆಹಾರವಾಗಿ ಕೊಡುವ ಪ್ರಯೋಗವು ನಡೆಯಿತು. ಅಗ್ಗದ ಎಲುಬಿನಿಂದ ಮಾಂಸದ ಪೋಷಣೆಯೇ ದೊರೆಯುವುದೆಂಬ ಆಸೆಯು ಅದರ ಹಿಂದೆ ಇತ್ತು. ಶರೀರಶಾಸ್ತ್ರಜ್ಞ ಮಜಾಂಡಿಯ ನೇತೃತ್ವದ ಸಮಿತಿಯು ಈ ವಿಷಯವನ್ನು ವರ್ಷಗಳ ಕಾಲ ಪರೀಕ್ಷಿಸಿ, ಜಿಲೆಟಿನ್ ಒಂದನ್ನೇ ತಿಂದು ಪ್ರಾಣಿಯು ಬದುಕಲಾರದೆಂದು ೧೮೪೧ರಲ್ಲಿ ವರದಿಮಾಡಿತು. ಟ್ರಿಪ್ಟೊಫಾನ್ ಎಂಬ ಅತ್ಯವಶ್ಯಕ ಅಂಶವು ಅದರಲ್ಲಿ ಇಲ್ಲವೆಂಬುದು ಅನಂತರ ತಿಳಿದುಬಂದ ಸಂಗತಿ. ಬಡವರ ಊಟವಾಗಲು ಸೋತ ಪದಾರ್ಥವು ಅನುಕೂಲಸ್ಥರ ಸಿಹಿಯಲ್ಲಿ ಗೆದ್ದಿತು.

ಅಮೆರಿಕದಲ್ಲಿ ಪೀಟರ್ ಕೂಪರನು ೧೮೪೫ರಲ್ಲಿ ಜಿಲೆಟಿನ್ನಿನ ಸಿದ್ಧ ಸಿಹಿಪುಡಿಗೆ ಹಕ್ಕುಪತ್ರವನ್ನು ಪಡೆದನು. ೧೮೯೭ರಲ್ಲಿ ‘ಜೆಲ್‌-ಒ’ ಎಂಬ ಹೆಸರಿನ ಹಣ್ಣಿನ ರುಚಿಯ ಪುಡಿಯು ಹುಟ್ಟಿ, ಮುಂದೆ ಮನೆಮನೆಯ ವಸ್ತುವಾಯಿತು. ಜರ್ಮನಿಯ ಬಾನ್ ನಗರದಲ್ಲಿ ಹ್ಯಾನ್ಸ್ ರೀಗೆಲನು ೧೯೨೨ರಲ್ಲಿ ಕರಡಿಯ ಆಕಾರದ ಮೆತ್ತನೆಯ ಮಿಠಾಯಿಯನ್ನು ಮಾಡಿ ಮಾರಿದನು. ಇಂದು ಲೋಕದಾದ್ಯಂತ ಮಕ್ಕಳು ಅಗಿಯುವ ಜೆಲ್ಲಿ ಕರಡಿಗಳ ವಂಶವು ಅಲ್ಲಿಂದ ಬೆಳೆಯಿತು.

ಮಾರ್ಷ್‌ಮ್ಯಾಲೊ ಎಂಬ ಹತ್ತಿಯಂತಹ ಮಿಠಾಯಿಯ ಕಥೆಯು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಅದು ಜೌಗುನೆಲದಲ್ಲಿ ಬೆಳೆಯುವ ಒಂದು ಗಿಡದ ಹೆಸರು. ನಮ್ಮ ದಾಸವಾಳ, ಬೆಂಡೆಗಳ ಬಳಗಕ್ಕೆ ಸೇರಿದುದು. ಅದರ ಬೇರಿನ ಲೋಳೆಯನ್ನು ಸಕ್ಕರೆಯೊಡನೆ ಕಡೆದು ಗಂಟಲಿನ ಔಷಧವಾಗಿಯೂ ತಿಂಡಿಯಾಗಿಯೂ ಬಳಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೆಲಸವು ಸುಲಭವಾಗಲೆಂದು ಬೇರಿನ ಲೋಳೆಯ ಸ್ಥಾನದಲ್ಲಿ ಜಿಲೆಟಿನ್ ಬಂದಿತು. ಗಿಡವು ಹೋಯಿತು, ಗಿಡದ ಹೆಸರು ಉಳಿಯಿತು. ಪ್ರಾಣಿಮೂಲದ ಅಂಟು ಇಂತಹ ಸಿಹಿಗಳಿಗೆ ಅನಾದಿಯಾದುದಲ್ಲ, ಯಂತ್ರಯುಗದ ಅನುಕೂಲಕ್ಕಾಗಿ ಬಂದುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

೩. ಕನ್ನಡನಾಡಿನ ಸಾಕ್ಷ್ಯ: ವಜ್ರಲೇಪ ಮತ್ತು ಅನ್ನಭೋಗ

ನಮ್ಮ ಪೂರ್ವಿಕರಿಗೆ ಜಿಲೆಟಿನ್ ತಿಳಿದಿರಲಿಲ್ಲವೇ? ತಿಳಿದಿತ್ತು, ಚೆನ್ನಾಗಿಯೇ ತಿಳಿದಿತ್ತು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಲೇಪವನ್ನು ಕುರಿತ ಒಂದು ಅಧ್ಯಾಯವೇ ಇದೆ. ಕಾಯಿ, ಬೀಜ, ತೊಗಟೆ, ರಾಳಗಳಿಂದಾಗುವ ಲೇಪಗಳನ್ನು ಹೇಳಿ, ಅನಂತರ ಪ್ರಾಣಿಗಳ ಕೊಂಬು, ಚರ್ಮಗಳು ಸೇರುವ ಲೇಪವನ್ನೂ ಅಲ್ಲಿ ಹೇಳಲಾಗಿದೆ. ಇವೆಲ್ಲವೂ ದೇವಾಲಯ, ಪ್ರತಿಮೆ, ಗೋಡೆಗಳಿಗೆ ಸಂಬಂಧಿಸಿದವು.

ಕನ್ನಡಿಗರಿಗೆ ಹೆಚ್ಚು ಆಪ್ತವಾದ ಸಾಕ್ಷ್ಯವು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿದೆ. ಈ ಸಂಸ್ಕೃತ ವಿಶ್ವಕೋಶವು ಸುಮಾರು ಕ್ರಿ.ಶ. ೧೧೨೯ರಲ್ಲಿ ರಚಿತವಾದುದು. ಆ ಕಾಲದಲ್ಲಿ ಪಾನುಂಗಲ್, ಎಂದರೆ ಇಂದಿನ ಹಾನಗಲ್ಲ, ಚಾಲುಕ್ಯರ ಸಾಮಂತರಾದ ಕದಂಬರ ರಾಜಧಾನಿಯಾಗಿದ್ದಿತು. ತಿಳವಳ್ಳಿಯ ಸೀಮೆಯೂ ಆ ರಾಜ್ಯವಲಯದೊಳಗಣದೇ. ಸೋಮೇಶ್ವರನು ಭಿತ್ತಿಚಿತ್ರದ ವಿಧಾನವನ್ನು ಹೇಳುವಾಗ ವಜ್ರಲೇಪದ ತಯಾರಿಕೆಯನ್ನು ವಿವರಿಸುತ್ತಾನೆ. ಅದರ ತಾತ್ಪರ್ಯವು ಹೀಗಿದೆ: ಎಮ್ಮೆಯ ಹಸಿಚರ್ಮವನ್ನು ನೀರಿನಲ್ಲಿ ಬೆಣ್ಣೆಯಂತೆ ಮೃದುವಾಗುವವರೆಗೆ ಬೇಯಿಸಬೇಕು, ಅದನ್ನು ಕಡ್ಡಿಗಳನ್ನಾಗಿ ಮಾಡಿ ಒಣಗಿಸಿಟ್ಟುಕೊಳ್ಳಬೇಕು, ಬೇಕಾದಾಗ ಮಣ್ಣಿನ ಪಾತ್ರೆಯಲ್ಲಿ ನೀರಿನೊಡನೆ ಕಾಯಿಸಿ ಕರಗಿಸಿ, ಬಿಳಿಯ ಮಣ್ಣಿನೊಡನೆ ಬೆರೆಸಿ ಗೋಡೆಗೆ ಬಳಿಯಬೇಕು. ಇಂದಿನ ರಸಾಯನಶಾಸ್ತ್ರಜ್ಞನು ಇದನ್ನು ಓದಿದರೆ, ಜಿಲೆಟಿನ್ ತಯಾರಿಸುವ ಕ್ರಮವೆಂದು ಒಡನೆಯೇ ಗುರುತಿಸುವನು. ನಮ್ಮ ಬಡಗಿಗಳೂ ಚಿತ್ರಗಾರರೂ ಬಳಸುತ್ತ ಬಂದ ‘ಮರವಜ್ರ’ವೆಂಬ ಮಾತಿನಲ್ಲಿ ಆ ಹಳೆಯ ವಜ್ರವೇ ಉಳಿದಿದೆ.

ಅದೇ ಗ್ರಂಥದ ಅದೇ ವಿಂಶತಿಯಲ್ಲಿ ಅನ್ನಭೋಗವೆಂಬ ಅಧ್ಯಾಯವಿದೆ. ಸೋಮೇಶ್ವರನು ಸಸ್ಯಾಹಾರಿಯಲ್ಲ, ನಾನಾ ಬಗೆಯ ಮಾಂಸಪಾಕಗಳನ್ನು ಅವನು ರಸವತ್ತಾಗಿ ವರ್ಣಿಸುತ್ತಾನೆ. ಆದರೆ ಅಲ್ಲಿಯ ಸಿಹಿಗಳು ನಮ್ಮ ಮಂಡಿಗೆ ಹೋಳಿಗೆಗಳ ಪೂರ್ವರೂಪಗಳಾದ ಮಂಡಕ, ಪೋಲಿಕೆಗಳು, ಹಾಲನ್ನು ಒಡೆಸಿ ಅಕ್ಕಿಯ ಹಿಟ್ಟಿನೊಡನೆ ಬೆರೆಸಿ ತುಪ್ಪದಲ್ಲಿ ಕರಿದು ಸಕ್ಕರೆಯ ಪಾಕಕ್ಕೆ ಹಾಕುವ ಕ್ಷೀರಪ್ರಕಾರ, ಇಂತಹವು. ಹಿಟ್ಟು, ಹಾಲು, ತುಪ್ಪ, ಸಕ್ಕರೆಗಳೇ ಇವುಗಳ ಸಾಮಗ್ರಿ. ಚರ್ಮದ ಅಂಟು ಗೋಡೆಯ ಮೇಲೆ ಉಳಿಯಿತು, ತಟ್ಟೆಗೆ ಇಳಿಯಲಿಲ್ಲ.

ಇದಕ್ಕೆ ಮತಾಚಾರವೊಂದೇ ಕಾರಣವೆಂದು ಹೇಳುವುದು ಸುಲಭ. ಚಾವುಂಡರಾಯನ ಲೋಕೋಪಕಾರದಲ್ಲಿ (ಸುಮಾರು ೧೦೨೫) ಬರುವ ಪಾಕವಿಚಾರಕ್ಕೂ, ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ರಚಿಸಿದ ಸೂಪಶಾಸ್ತ್ರಕ್ಕೂ ಈ ಕಾರಣವು ಒಪ್ಪಬಹುದು. ಮಂಗರಸನು ಜೈನ, ಅವನ ಪಾಕಗಳು ಶುದ್ಧ ಸಸ್ಯಾಹಾರದವು. ಆದರೆ ಮಾಂಸಪ್ರಿಯನಾದ ಸೋಮೇಶ್ವರನ ವಿಷಯದಲ್ಲಿ ಅದು ಸಾಲದು. ಇನ್ನೆರಡು ಭೌತಿಕ ಕಾರಣಗಳನ್ನು ಇಲ್ಲಿ ಊಹಿಸಬಹುದು. ಮೊದಲನೆಯದು ಹವೆ. ನೀರು ಹೆಚ್ಚಾಗಿರುವ ಜಿಲೆಟಿನ್ನಿನ ಸಿಹಿಯು ಗಟ್ಟಿಯಾಗಿ ನಿಲ್ಲಬೇಕಾದರೆ ತಂಪು ಬೇಕು. ಬೇಸಗೆಯ ಮಧ್ಯಾಹ್ನ ಹಾನಗಲ್ಲಿನ ಸೀಮೆಯಲ್ಲಿ ಶಾಖವು ೩೫ ಡಿಗ್ರಿಯನ್ನು ದಾಟುವುದು ಅಪರೂಪವಲ್ಲ. ಶೀತಕಯಂತ್ರವಿಲ್ಲದ ಕಾಲದಲ್ಲಿ ಅಂತಹ ಸಿಹಿಯು ತಟ್ಟೆಯಲ್ಲಿಯೇ ನೀರಾಗುತ್ತಿದ್ದಿತು. ಎರಡನೆಯದು, ನಮ್ಮವರಿಗೆ ಅದರ ಅಗತ್ಯವೇ ಬೀಳಲಿಲ್ಲ. ಗಟ್ಟಿಮಾಡುವ ಬೇರೆ ಉಪಾಯಗಳು ಕೈಯಲ್ಲಿದ್ದವು. ಆ ಉಪಾಯಗಳನ್ನು ಈಗ ನೋಡೋಣ.

೪. ನಮ್ಮ ಸಿಹಿಗಳು ಗಟ್ಟಿಯಾಗುವ ಬಗೆ

ಕನ್ನಡನಾಡಿನ ಸಿಹಿಗಳನ್ನು ಅವು ಗಟ್ಟಿಯಾಗುವ ಕ್ರಮದಿಂದ ಮುಖ್ಯವಾಗಿ ಮೂರು ವರ್ಗಗಳನ್ನಾಗಿ ವಿಂಗಡಿಸಬಹುದು.

ಮೊದಲನೆಯದು ಪಿಷ್ಟದಿಂದ ಗಟ್ಟಿಯಾಗುವುದು. ಇದಕ್ಕೆ ಹಾಲುಬಾಯಿಯು ಉತ್ತಮ ಉದಾಹರಣೆ. ನೆನೆಸಿದ ಅಕ್ಕಿಯನ್ನು ತೆಂಗಿನಕಾಯಿಯ ತುರಿಯೊಡನೆ ನುಣ್ಣಗೆ ರುಬ್ಬಿ, ಸೋಸಿ, ಬೆಲ್ಲ ಸೇರಿಸಿ, ತಳಹತ್ತದಂತೆ ಕೈಬಿಡದೆ ಮಗುಚುತ್ತ ಕಾಯಿಸುತ್ತಾರೆ. ಗಟ್ಟಿಯಾದ ಮುದ್ದೆಯನ್ನು ಜಿಡ್ಡು ಸವರಿದ ತಟ್ಟೆಗೆ ಸುರಿದು, ಆರಿದ ಮೇಲೆ ಕತ್ತರಿಸುತ್ತಾರೆ. ರಾಗಿ, ಗೋಧಿಗಳಿಂದಲೂ ಇದನ್ನು ಮಾಡುವುದುಂಟು. ಕಾಯುವಾಗ ಪಿಷ್ಟದ ಕಣಗಳು ನೀರನ್ನು ಹೀರಿ ಉಬ್ಬಿ ಒಡೆಯುತ್ತವೆ. ಆರುವಾಗ ಅವುಗಳ ಎಳೆಗಳು ಪರಸ್ಪರ ಸೇರಿ ಬಲೆಯಾಗುತ್ತವೆ. ಒಮ್ಮೆ ಹೀಗೆ ಗಟ್ಟಿಯಾದ ಪಿಷ್ಟವು ಬೇಸಗೆಯ ಬಿಸಿಲಿಗೆ ಕರಗುವುದಿಲ್ಲ. ತಟ್ಟೆಗೆ ತುಪ್ಪದ ಬದಲು ಕೊಬ್ಬರಿಯೆಣ್ಣೆಯನ್ನು ಸವರಿದರೆ ಹಾಲುಬಾಯಿಯಲ್ಲಿ ಹಾಲೂ ಇಲ್ಲ, ತುಪ್ಪವೂ ಇಲ್ಲ. ಹಾಲು ತುಪ್ಪಗಳನ್ನೂ ತ್ಯಜಿಸಿದ, ಇಂದು ‘ವೀಗನ್’ ಎಂದು ಕರೆಯಲಾಗುವ ಆಹಾರಕ್ರಮದವರು ಹುಡುಕುವ ‘ಜೆಲ್ಲಿ’ಯು ನಮ್ಮ ಅಜ್ಜಿಯರ ಅಡಿಗೆಯಲ್ಲಿ ಮೊದಲೇ ಇದ್ದಿತು ಎನ್ನಲು ಅಡ್ಡಿಯಿಲ್ಲ. ಲೋಕಪ್ರಸಿದ್ಧವಾದ ತುರ್ಕಿಯ ಲೋಕುಮ್ ಎಂಬ ಮಿಠಾಯಿಯೂ ಸಕ್ಕರೆ ಮತ್ತು ಪಿಷ್ಟಗಳಿಂದಲೇ ಆಗುವುದೆಂಬುದನ್ನು ಇಲ್ಲಿ ಸ್ಮರಿಸಬಹುದು.

ಎರಡನೆಯದು ಪಾಕದಿಂದ ಗಟ್ಟಿಯಾಗುವುದು. ಬೆಲ್ಲ ಅಥವಾ ಸಕ್ಕರೆಯ ನೀರನ್ನು ಕುದಿಸಿದಂತೆ ನೀರು ಹೋಗಿ ಪಾಕವು ಬಲಿಯುತ್ತದೆ. ಎರಡು ಬೆರಳುಗಳ ನಡುವೆ ಎಳೆ ಬರುವುದನ್ನೂ, ತಣ್ಣೀರಿಗೆ ಹನಿಸಿದಾಗ ಉಂಡೆಯಾಗುವುದನ್ನೂ ನೋಡಿ ನಮ್ಮ ಹೆಣ್ಣುಮಕ್ಕಳು ಅದರ ಹದವನ್ನು ನಿರ್ಣಯಿಸುತ್ತಾರೆ. ಶಾಖಮಾಪಕವಿಲ್ಲದೆ ಮಾಡುವ ಶಾಖಮಾಪನವೇ ಇದು. ಶೇಂಗಾದ ಉಂಡೆ, ಎಳ್ಳುಂಡೆ, ಬುಂದಿಯ ಲಾಡು ಇವೆಲ್ಲವೂ ಈ ವರ್ಗದವು. ಇಲ್ಲಿ ಗಮನಾರ್ಹವಾದ ಒಂದು ಸಂಗತಿಯುಂಟು. ಕಬ್ಬಿನ ಹಾಲನ್ನು ಕಾಯಿಸಿ ಬೆಲ್ಲ ಮಾಡುವಾಗ ಕೊಳೆಯನ್ನು ಮೇಲಕ್ಕೆ ತರಲು ಬೆಂಡೆಯ ಗಿಡದ ಕಾಂಡವನ್ನು ಜಜ್ಜಿ ತೆಗೆದ ಲೋಳೆಯನ್ನು ಹಾಕುವ ಪದ್ಧತಿಯು ಆಲೆಮನೆಗಳಲ್ಲಿದೆ. ಲೋಳೆಯು ಕೊಳೆಯನ್ನು ಹಿಡಿದುಕೊಂಡು ನೊರೆಯೊಡನೆ ತೇಲುತ್ತದೆ. ಅದನ್ನು ತೆಗೆದು ಚೆಲ್ಲುತ್ತಾರೆ. ಪಶ್ಚಿಮದಲ್ಲಿ ಸಕ್ಕರೆಯನ್ನು ಬಿಳುಪುಮಾಡಲು ಸುಟ್ಟ ಎಲುಬಿನ ಇದ್ದಿಲನ್ನು ಬಹುಕಾಲ ಬಳಸಿದರೆಂಬುದನ್ನು ಇದರೊಡನೆ ಹೋಲಿಸಿದರೆ, ಎರಡು ಪರಂಪರೆಗಳ ಭೇದವು ಸ್ಪಷ್ಟವಾಗುತ್ತದೆ.

ಮೂರನೆಯದು ಹಾಲಿನ ಗಟ್ಟಿಯಂಶದಿಂದ ಆಗುವುದು. ಧಾರವಾಡದ ಪೇಡೆ, ಬೆಳಗಾವಿಯ ಕುಂದಾ ಇವು ಹಾಲನ್ನು ಬತ್ತಿಸಿ ಮಾಡಿದವು. ಇವು ಸಸ್ಯಾಹಾರಕ್ಕೆ ಒಪ್ಪುವವು; ವೀಗನ್ ಕ್ರಮಕ್ಕೆ ಒಪ್ಪುವವಲ್ಲ. ಈ ಎರಡು ಶಬ್ದಗಳನ್ನು ಒಂದೇ ಅರ್ಥದಲ್ಲಿ ಬಳಸುವುದು ಸರಿಯಲ್ಲ.

ಈ ಮೂರು ವರ್ಗಗಳ ನಡುವೆ ಅಂಟಿನುಂಡೆ ಮತ್ತು ಕರದಂಟುಗಳಿಗೆ ವಿಶಿಷ್ಟವಾದ ಸ್ಥಾನವಿದೆ. ಗೋಕಾಕ, ಅಮೀನಗಡಗಳ ಕರದಂಟು ಪ್ರಸಿದ್ಧವಾದುದು. ಕರಿದ ಅಂಟು ಎಂಬುದೇ ಆ ಹೆಸರಿನ ಅರ್ಥ. ಇಲ್ಲಿ ಅಂಟು ಎಂದರೆ ಜಾಲಿಯ ಜಾತಿಯ ಮರಗಳ ತೊಗಟೆಯಿಂದ ಒಸರಿ ಹರಳುಗಟ್ಟಿದ ಗೋಂದು. ಅರೇಬಿಕ್ ಗೋಂದು ಎಂದು ಲೋಕವ್ಯಾಪಾರದಲ್ಲಿ ಹೆಸರಾದುದೂ ಇದೇ ಬಳಗದ ಮರದ್ದು; ಅದರ ದೊಡ್ಡ ಭಾಗವು ಸೂಡಾನ್ ದೇಶದಿಂದ ಬರುತ್ತದೆ. ನಮ್ಮ ಕಾಡುಗಳ ದಿಂಡಿಗದ ಮರವೂ ಒಂದು ಬಗೆಯ ಗೋಂದನ್ನು ಕೊಡುತ್ತದೆ. ಘಟ್ಟದ ದಾರಿಗಳಲ್ಲಿ ಇಳಿದು ಬರುತ್ತಿದ್ದುದರಿಂದ ಅದಕ್ಕೆ ವ್ಯಾಪಾರಿಗಳಲ್ಲಿ ‘ಘಟ್ಟಿ ಗೋಂದು’ ಎಂಬ ಹೆಸರು ಬಂದಿತೆಂದು ಹೇಳುತ್ತಾರೆ.

ಅಂಟಿನುಂಡೆಯನ್ನು ಕಟ್ಟುವ ಕ್ರಮವು ಉತ್ತರ ಕರ್ನಾಟಕದಲ್ಲಿ ಬಹುಮಟ್ಟಿಗೆ ಒಂದೇ. ಅಂಟಿನ ಹರಳುಗಳನ್ನು ಕಾದ ತುಪ್ಪದಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕಿ ಅರಳಿಸುತ್ತಾರೆ. ಹರಳಿನೊಳಗಣ ತೇವವು ಆವಿಯಾಗಿ ಹೊರಹೊರಡುವಾಗ ಅದು ಅಳ್ಳಿನಂತೆ ಉಬ್ಬಿ ಹಗುರವಾಗುತ್ತದೆ. ಅದನ್ನು ಕುಟ್ಟಿ, ಹುರಿದ ಒಣಕೊಬ್ಬರಿಯ ತುರಿ, ಉತ್ತತ್ತಿ, ಗಸಗಸೆ, ಗೋಡಂಬಿ, ಬಾದಾಮಿ, ಏಲಕ್ಕಿಗಳೊಡನೆ ಸೇರಿಸಿ ಬೆಲ್ಲದ ಪಾಕದಲ್ಲಿ ಉಂಡೆ ಕಟ್ಟುತ್ತಾರೆ. ಬಾಣಂತಿಯ ಸೊಂಟಕ್ಕೆ ಬಲ ಬರುವುದೆಂಬ ನಂಬಿಕೆಯಿಂದ ಅದನ್ನು ಕೊಡುವ ರೂಢಿಯಿದೆ. ಅದರಲ್ಲಿಯ ತುಪ್ಪ, ಬೆಲ್ಲ, ಬೀಜಗಳಿಂದ ಪುಷ್ಟಿ ದೊರೆಯುವುದು ಸಹಜವೇ. ಅಂಟು ಮಾತ್ರ ಮುಖ್ಯವಾಗಿ ಕರಗುವ ನಾರಿನ ಜಾತಿಯದು.

ಇಲ್ಲಿ ಸಾಮಾನ್ಯವಾದ ಒಂದು ತಪ್ಪು ತಿಳುವಳಿಕೆಯನ್ನು ನಿವಾರಿಸಬೇಕು. ಅಂಟಿನುಂಡೆಯನ್ನು ಒಟ್ಟಿಗೆ ಹಿಡಿದಿಡುವುದು ಅಂಟೇ ಎಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಉಂಡೆಯನ್ನು ಹಿಡಿಯುವುದು ಮುಖ್ಯವಾಗಿ ಬೆಲ್ಲದ ಪಾಕ. ಕರಿದ ಅಂಟು ಕೊಡುವುದು ಗರಿಗರಿಯಾದ ಅಗಿತವನ್ನು. ಮರದ ಗೋಂದು ನೀರಿನಲ್ಲಿ ಕರಗಿ ದಪ್ಪನಾಗುತ್ತದೆ, ಅಂಟುತ್ತದೆ. ಆದರೆ ಜಿಲೆಟಿನ್ನಿನಂತೆ ಸ್ವಲ್ಪವೇ ಹಾಕಿದರೂ ನಡುಗುವ ಗಟ್ಟಿಯಾಗುವ ಶಕ್ತಿ ಅದಕ್ಕಿಲ್ಲ. ಆದುದರಿಂದ ‘ಜಿಲೆಟಿನ್ನಿಗೆ ಬದಲು ಅಂಟನ್ನು ಹಾಕಿ’ ಎಂಬ ಸಲಹೆಯನ್ನು ಎಲ್ಲ ಸಿಹಿಗಳಿಗೂ ಅನ್ವಯಿಸಲಾಗದು. ಗಟ್ಟಿಯಾಗಿ ಅಗಿಯುವ ಮಿಠಾಯಿಗೆ ಅದು ಒಪ್ಪುತ್ತದೆ. ತಟ್ಟೆಯಲ್ಲಿ ನಡುಗುವ ಜೆಲ್ಲಿಗೆ ಒಪ್ಪುವುದಿಲ್ಲ.

೫. ಇಂದಿನ ಪರ್ಯಾಯಗಳು

ನಡುಗುವ ಜೆಲ್ಲಿಗೆ ತಕ್ಕ ಸಸ್ಯಮೂಲದ ಪದಾರ್ಥಗಳಲ್ಲಿ ಮೊದಲು ಹೇಳಬೇಕಾದುದು ಅಗರ್. ಪೇಟೆಯಲ್ಲಿ ಇದನ್ನು ಚೈನಾ ಗ್ರಾಸ್ ಎಂದು ಮಾರುತ್ತಾರೆ. ಅದು ಹುಲ್ಲಲ್ಲ, ಕೆಂಪು ಜಾತಿಯ ಕಡಲಪಾಚಿಯಿಂದ ತೆಗೆದ ಸಾರ. ಜಪಾನಿನಲ್ಲಿ ಹದಿನೇಳನೆಯ ಶತಮಾನದಿಂದಲೂ ಅದರ ತಯಾರಿಕೆ ನಡೆದುಬಂದಿದೆ. ನಮ್ಮ ದೇಶದಲ್ಲಿ ತಮಿಳುನಾಡಿನ ಮನ್ನಾರ್ ಕೊಲ್ಲಿಯ ತೀರದ ಪಾಚಿಗಳಿಂದ ಅದನ್ನು ತೆಗೆಯುತ್ತಾರೆ. ನೂರು ಭಾಗ ನೀರಿಗೆ ಒಂದು ಭಾಗ ಅಗರ್ ಸಾಕು. ಅದನ್ನು ಚೆನ್ನಾಗಿ ಕುದಿಸಿಯೇ ಕರಗಿಸಬೇಕು. ಅದು ೩೫ರಿಂದ ೪೦ ಡಿಗ್ರಿಯ ಸುಮಾರಿನಲ್ಲಿ ಗಟ್ಟಿಯಾಗುತ್ತದೆ. ಗಟ್ಟಿಯಾದುದು ಮತ್ತೆ ಕರಗಬೇಕಾದರೆ ಸುಮಾರು ೮೫ ಡಿಗ್ರಿಯ ಶಾಖ ಬೇಕು. ಆದುದರಿಂದ ನಮ್ಮ ಬೇಸಗೆಗೆ ಅದು ಜಿಲೆಟಿನ್ನಿಗಿಂತ ಹೆಚ್ಚು ಅನುಕೂಲವಾದುದು. ಆದರೆ ಬಾಯಲ್ಲಿ ಅದು ಕರಗುವುದಿಲ್ಲ. ಕಚ್ಚಿದರೆ ಪಟ್ಟನೆ ಮುರಿಯುತ್ತದೆ.

ಅಗರಿನ ಈ ಗುಣವು ವೈದ್ಯಶಾಸ್ತ್ರದ ಇತಿಹಾಸವನ್ನೇ ಬದಲಿಸಿತು. ಜರ್ಮನಿಯಲ್ಲಿ ರಾಬರ್ಟ್ ಕೋಖನ ಪ್ರಯೋಗಾಲಯದವರು ಸೂಕ್ಷ್ಮಜೀವಿಗಳನ್ನು ಜಿಲೆಟಿನ್ನಿನ ಮೇಲೆ ಬೆಳೆಸುತ್ತಿದ್ದರು. ಬೇಸಗೆಯಲ್ಲಿ ಅದು ಕರಗುತ್ತಿದ್ದಿತು. ಕೆಲವು ಸೂಕ್ಷ್ಮಜೀವಿಗಳು ಅದನ್ನೇ ತಿಂದು ನೀರುಮಾಡುತ್ತಿದ್ದವು. ಅಲ್ಲಿ ಕೆಲಸಮಾಡುತ್ತಿದ್ದ ವಾಲ್ಟರ್ ಹೆಸ್ಸೆಯ ಪತ್ನಿ ಫ್ಯಾನಿ ಹೆಸ್ಸೆಯವರು ತಾವು ಅಡಿಗೆಯಲ್ಲಿ ಬಳಸುತ್ತಿದ್ದ ಅಗರನ್ನು ೧೮೮೧ರಲ್ಲಿ ಸೂಚಿಸಿದರು. ಇಂದಿಗೂ ಲೋಕದ ಪ್ರಯೋಗಾಲಯಗಳೆಲ್ಲ ಅವರ ಸೂಚನೆಯಂತೆಯೇ ನಡೆಯುತ್ತಿವೆ. ಅಡಿಗೆಯ ಮನೆಯ ಅನುಭವವು ಶಾಸ್ತ್ರಕ್ಕೆ ನೆರವಾದ ಈ ಪ್ರಸಂಗವು ನಮ್ಮ ವಿದ್ಯಾರ್ಥಿನಿಯರಿಗೆ ವಿಶೇಷವಾಗಿ ತಿಳಿದಿರಬೇಕು.

ಎರಡನೆಯದು ಪೆಕ್ಟಿನ್. ಫ್ರೆಂಚ್ ರಸಾಯನಶಾಸ್ತ್ರಜ್ಞ ಬ್ರಾಕೊನೊ ೧೮೨೫ರಲ್ಲಿ ಇದನ್ನು ಬೇರ್ಪಡಿಸಿ ವರ್ಣಿಸಿದನು. ಕಿತ್ತಳೆ, ನಿಂಬೆಗಳ ಸಿಪ್ಪೆ, ಸೇಬಿನ ಹಿಂಡಿ ಇವು ಅದರ ಮುಖ್ಯ ಮೂಲಗಳು. ನಮ್ಮ ಪೇರಲ ಹಣ್ಣಿನಲ್ಲಿಯೂ ಅದು ಹೇರಳವಾಗಿದೆ. ಸಾಮಾನ್ಯ ಪೆಕ್ಟಿನ್ ಗಟ್ಟಿಯಾಗಲು ಹೆಚ್ಚು ಸಕ್ಕರೆಯೂ ತಕ್ಕಷ್ಟು ಹುಳಿಯೂ ಬೇಕು. ಪೇರಲದ ಜೆಲ್ಲಿಗೆ ನಿಂಬೆಯ ರಸವನ್ನು ಹಿಂಡುವುದು ರುಚಿಗಾಗಿ ಮಾತ್ರವಲ್ಲವೆಂಬುದು ಇದರಿಂದ ತಿಳಿಯುತ್ತದೆ. ಹಣ್ಣಿನ ರುಚಿಯ ಅಗಿಯುವ ಮಿಠಾಯಿಗಳಿಗೆ ಇದು ಬಹಳ ಒಪ್ಪುತ್ತದೆ.

ಮೂರನೆಯದು ಕ್ಯಾರಜೀನನ್. ಇದೂ ಕೆಂಪು ಕಡಲಪಾಚಿಯದೇ. ಹಾಲಿನ ಸಿಹಿಗಳನ್ನು ಗಟ್ಟಿಮಾಡುವಲ್ಲಿ ಇದು ಸಮರ್ಥವಾದುದು. ನಾಲ್ಕನೆಯದು ಮೆಕ್ಕೆಜೋಳ, ಮರಗೆಣಸು ಮೊದಲಾದವುಗಳ ಪಿಷ್ಟ; ಅದರ ಗುಣವನ್ನು ಹಾಲುಬಾಯಿಯಲ್ಲಿ ಆಗಲೇ ಕಂಡೆವು.

ಅನುಭವದ ಒಂದೆರಡು ಮಾತುಗಳು ಇಲ್ಲಿ ಉಪಯುಕ್ತವಾದಾವು. ಹಸಿಯ ಅನಾನಸ್, ಪಪಾಯಿ ಹಣ್ಣುಗಳಲ್ಲಿ ಸಸಾರಜನಕವನ್ನು ಒಡೆಯುವ ಕಿಣ್ವಗಳಿರುವುದರಿಂದ ಅವುಗಳೊಡನೆ ಜಿಲೆಟಿನ್ ಗಟ್ಟಿಯಾಗುವುದಿಲ್ಲ. ಅಗರ್ ಸಸಾರಜನಕವಲ್ಲವಾದ್ದರಿಂದ ಆ ಕಿಣ್ವಗಳಿಂದ ಅದಕ್ಕೆ ಬಾಧೆಯಿಲ್ಲ. ಜಿಲೆಟಿನ್ನಿನ ತೂಕಕ್ಕೆ ಸಮತೂಕವಾಗಿ ಅಗರನ್ನು ಹಾಕಿದರೆ ಸಿಹಿಯು ವಿಪರೀತ ಗಟ್ಟಿಯಾಗುತ್ತದೆ. ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಸಾಕಾದೀತು. ಅತಿ ಹುಳಿಯಾದ ರಸದಲ್ಲಿ ಅಗರನ್ನು ಬಹಳ ಹೊತ್ತು ಕುದಿಸಿದರೆ ಅದರ ಶಕ್ತಿಯು ಕುಂದುತ್ತದೆ. ಮೊದಲು ನೀರಿನಲ್ಲಿ ಕರಗಿಸಿ, ಒಲೆಯಿಂದಿಳಿಸಿದ ಮೇಲೆ ರಸವನ್ನು ಸೇರಿಸುವುದು ಲೇಸು. ಯಾವ ಒಂದು ಪದಾರ್ಥವೂ ಜಿಲೆಟಿನ್ನಿನ ಎಲ್ಲ ಗುಣಗಳನ್ನೂ ಹೊಂದಿಲ್ಲ. ಆದರೆ ಪ್ರತಿಯೊಂದು ಸಿಹಿಗೂ ತಕ್ಕ ಪರ್ಯಾಯವೊಂದು ಉಂಟು.

೬. ಕಾನೂನು ಮತ್ತು ತಿಳಿಯುವ ಹಕ್ಕು

ಮನೆಯಲ್ಲಿ ಮಾಡಿದ ಸಿಹಿಯನ್ನು ಮಾಡಿದವರೇ ಬಲ್ಲರು. ಕಾರ್ಖಾನೆಯ ಸಿಹಿಯನ್ನು ತಿನ್ನುವವನಿಗೆ ಹೊದಿಕೆಯ ಮೇಲಣ ಬರಹವೇ ಸಾಕ್ಷಿ. ಭಾರತದಲ್ಲಿ ಹೊದಿಕೆಯ ಆಹಾರಗಳ ಮೇಲೆ ಸಸ್ಯಾಹಾರಕ್ಕೆ ಹಸಿರು ಚುಕ್ಕೆಯನ್ನೂ ಮಾಂಸಾಹಾರಕ್ಕೆ ಕಂದು ಚುಕ್ಕೆಯನ್ನೂ ಹಾಕುವ ನಿಯಮವು ೨೦೦೧ರಿಂದ ಜಾರಿಗೆ ಬಂದಿತು. ೨೦೨೦ರ ನಿಯಮಾವಳಿಯಲ್ಲಿ ಮಾಂಸಾಹಾರದ ಕಂದು ಚುಕ್ಕೆಯನ್ನು ಕಂದು ತ್ರಿಕೋನವಾಗಿ ಬದಲಿಸಲಾಯಿತು. ಬಣ್ಣವನ್ನು ಗುರುತಿಸಲಾರದವರಿಗೂ ಆಕಾರದಿಂದ ತಿಳಿಯುವಂತಾಯಿತು. ಕಾನೂನಿನ ದೃಷ್ಟಿಯಲ್ಲಿ ಹಾಲು, ಹಾಲಿನ ಪದಾರ್ಥ, ಜೇನುತುಪ್ಪ, ಜೇನುಮೇಣ, ಅರಗು ಇಂತಹ ಕೆಲವನ್ನು ಬಿಟ್ಟು, ಪ್ರಾಣಿಮೂಲದ ಯಾವುದು ಸೇರಿದರೂ ಅದು ಮಾಂಸಾಹಾರವೇ. ಆದುದರಿಂದ ಜಿಲೆಟಿನ್ ಸೇರಿದ ಸಿಹಿಗೆ ಹಸಿರು ಚುಕ್ಕೆ ಸಲ್ಲದು.

ಡಿಸೆಂಬರ್ ೨೦೨೧ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಆಹಾರದ ಪ್ರತಿಯೊಂದು ಘಟಕವೂ ಸಸ್ಯಮೂಲದ್ದೋ ಪ್ರಾಣಿಮೂಲದ್ದೋ ಎಂಬುದನ್ನು ಸಂಕೇತಾಂಕದಿಂದ ಮಾತ್ರವಲ್ಲದೆ ಸ್ಪಷ್ಟವಾಗಿ ತಿಳಿಸಬೇಕೆಂದು ಆಜ್ಞಾಪಿಸಿತು. ತಾನು ತಿನ್ನುವುದೇನೆಂಬುದನ್ನು ತಿಳಿಯುವ ಹಕ್ಕು ಪ್ರತಿಯೊಬ್ಬನಿಗೂ ಉಂಟೆಂಬುದು ಆ ತೀರ್ಪಿನ ತಿರುಳು. ವೀಗನ್ ಆಹಾರಗಳಿಗೆ ಪ್ರತ್ಯೇಕವಾದ ನಿಯಮಾವಳಿಯು ೨೦೨೨ರಲ್ಲಿ ಪ್ರಕಟವಾಯಿತು.

ಔಷಧಗಳ ವಿಷಯವು ಬೇರೆ. ಗುಳಿಗೆಯ ಕೋಶಗಳು ಬಹುಮಟ್ಟಿಗೆ ಜಿಲೆಟಿನ್ನಿನವು. ಸಸ್ಯದ ನಾರಿನಿಂದ ಮಾಡಿದ ಕೋಶಗಳೂ ಈಗ ದೊರೆಯುತ್ತವೆ. ಔಷಧ ಮತ್ತು ಸೌಂದರ್ಯಸಾಧನಗಳ ಮೇಲೂ ಇಂತಹ ಗುರುತು ಇರಬೇಕೆಂದು ೨೦೦೨ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು, ಜೀವರಕ್ಷಕ ಔಷಧಗಳನ್ನು ಬಿಟ್ಟು, ನಿರ್ದೇಶಿಸಿದ್ದಿತು. ೨೦೧೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ರೋಗಿಯಾದವನು ಈ ಕಾರಣಕ್ಕಾಗಿ ಔಷಧವನ್ನು ತಾನಾಗಿ ಬಿಡದೆ ವೈದ್ಯರನ್ನು ಕೇಳುವುದೇ ವಿವೇಕ.

ಉಪಸಂಹಾರ

ಮೇಲಣ ವಿವೇಚನೆಯಿಂದ ಮೂರು ನಿರ್ಣಯಗಳು ಹೊರಡುತ್ತವೆ. ಒಂದನೆಯದಾಗಿ, ಪ್ರಾಣಿಜನ್ಯ ಅಂಟಿನ ತಯಾರಿಕೆಯು ಹನ್ನೆರಡನೆಯ ಶತಮಾನದ ಕನ್ನಡನಾಡಿಗೆ ಸ್ಪಷ್ಟವಾಗಿ ತಿಳಿದಿತ್ತು. ಆದರೆ ಅದು ಚಿತ್ರಕಾರನ ಸಾಮಗ್ರಿಯಾಗಿತ್ತೇ ಹೊರತು ಪಾಕಶಾಲೆಯದಾಗಿರಲಿಲ್ಲ. ಎರಡನೆಯದಾಗಿ, ನಮ್ಮ ಸಿಹಿಗಳು ಪಿಷ್ಟ, ಪಾಕ, ಹಾಲುಗಳಿಂದ ಗಟ್ಟಿಯಾದುದಕ್ಕೆ ಆಚಾರದಷ್ಟೇ ಹವೆಯೂ ಕಾರಣವಾಗಿರಬಹುದು. ಮೂರನೆಯದಾಗಿ, ಜಿಲೆಟಿನ್ನಿಗೆ ಪರ್ಯಾಯವೆಂಬುದು ಹೊಸ ಕಾಲದ ಬಯಕೆ ಮಾತ್ರವಲ್ಲ. ಮಾರ್ಷ್‌ಮ್ಯಾಲೊದಂತಹ ಪಶ್ಚಿಮದ ಸಿಹಿಗಳಲ್ಲಿಯೂ ಸಸ್ಯದ ಲೋಳೆಯೇ ಮೊದಲು, ಜಿಲೆಟಿನ್ ಅನಂತರ.

ಇದನ್ನು ಒಂದು ಆಹಾರಕ್ರಮದ ಶ್ರೇಷ್ಠತೆಗೆ ಪ್ರಮಾಣವೆಂದು ಯಾರೂ ಎತ್ತಿಹಿಡಿಯಬಾರದು. ಚರ್ಮ ಎಲುಬುಗಳನ್ನು ಹದಮಾಡಿದ ಕೈಗಳಿಲ್ಲದೆ ನಮ್ಮ ಭಿತ್ತಿಚಿತ್ರಗಳಿಗೆ ವಜ್ರಲೇಪವು ದೊರೆಯುತ್ತಿರಲಿಲ್ಲ. ಆ ಕುಶಲಕರ್ಮಿಗಳನ್ನು ಸಮಾಜವು ದೂರವಿಟ್ಟಿದ್ದು ಅವರ ವಿದ್ಯೆಯ ದೋಷವಲ್ಲ. ತಿನ್ನುವುದು ಬಿಡುವುದು ಅವರವರ ಇಚ್ಛೆ. ತಿಳಿದು ತಿನ್ನುವ, ತಿಳಿದು ಬಿಡುವ ಅವಕಾಶವು ಮಾತ್ರ ಜೈನರಿಗೂ ಲಿಂಗವಂತರಿಗೂ ಮುಸಲ್ಮಾನರಿಗೂ ಇತರರಿಗೂ ಸಮಾನವಾಗಿ ಇರಬೇಕಾದುದು.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಿಂದ ನಮ್ಮ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಕೆಲಸವು ಕಾದಿದೆ. ಬಯಲುಸೀಮೆಯ ಅಂಟಿನುಂಡೆಯೂ ಮಲೆನಾಡಿನ ಹಾಲುಬಾಯಿಯೂ ಕೂಡುವ ಈ ಸೆರಗಿನಲ್ಲಿ, ಯಾವ ಮರದ ಅಂಟನ್ನು ಯಾರು ತರುತ್ತಿದ್ದರು, ಯಾವ ಸಂತೆಯಲ್ಲಿ ಮಾರುತ್ತಿದ್ದರು, ಯಾವ ಹದದಲ್ಲಿ ಪಾಕವನ್ನು ಇಳಿಸುತ್ತಿದ್ದರು ಎಂಬುದನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಶಾಸನಗಳು ಕಲ್ಲಿನ ಮೇಲಿವೆ, ಅವು ಕಾಯಬಲ್ಲವು. ಈ ತಿಳಿವಳಿಕೆಯು ಮನುಷ್ಯರ ನೆನಪಿನಲ್ಲಿದೆ. ಅದನ್ನು ಹೆಸರು, ಊರು, ಅಳತೆಗಳೊಡನೆ ಬರೆದಿಡುವುದು ಇತಿಹಾಸದ ವಿದ್ಯಾರ್ಥಿಯ ಕರ್ತವ್ಯವೇ ಆಗಿದೆ.